ಎರಡು ಮಾತು ಇಂಗ್ಲಿಷಿನಲ್ಲಿ

ಆಗಸ್ಟ್ 4, ಭಾನುವಾರ

ಕ್ಷಮಿಸಿ. ಬರೆಯುವಂಥದ್ದು ಏನೂ ಆಗಿಲ್ಲ, ಆದರೂ ಬರೆಯುತ್ತಿದ್ದೇನೆ. ಕ್ಷಮೆ ಕೇಳುತ್ತಿರುವುದು ಯಾರನ್ನು ಅಂತ ನನಗೇ ಸರಿಯಾಗಿ ಗೊತ್ತಿಲ್ಲ. ಶಾಲೆಯ ಹಾಸ್ಟೆಲಿನಲ್ಲಿ ಯಾರ ಹಾಸಿಗೆಯ ಕೆಳಗಾದರೂ ಡೈರಿ ಸಿಕ್ಕರೆ ವಾರ್ಡನ್ ಮಿಸ್ ಅದನ್ನು ಊಟದ ಮನೆಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿಸುತ್ತಿದ್ದರು. ಆದ್ದರಿಂದ, ಮಿಸ್, ಇದು ಹೇಗಾದರೂ ನಿಮ್ಮ ಕೈಗೆ ಸಿಕ್ಕರೆ, ಇದರಲ್ಲಿ ಯಾರ ಮೇಲೂ ದೂರಿಲ್ಲ.

ಬರೆ ಅಂದಿದ್ದು ಡಾಕ್ಟ್ರು. ಅವಳು ಡಾಕ್ಟರಲ್ಲ, ನನ್ನ ರೂಮ್‌ಮೇಟು, ಫಿಸಿಯೋಥೆರಪಿ ಮೊದಲ ವರ್ಷ. ಕಾಲೇಜು ಸೇರಿ ಎರಡು ತಿಂಗಳಾಗುವಷ್ಟರಲ್ಲಿ ಮನೆ ಓನರ್ ಆಂಟಿಯ ಸೊಂಟ, ಕೆಳಗಿನ ಜೆರಾಕ್ಸ್ ಅಂಗಡಿಯವರ ಮಂಡಿ ಎಲ್ಲ ಮುಟ್ಟಿ ನೋಡಿ ಸಲಹೆ ಕೊಟ್ಟಾಗಿದೆ. ಅದಕ್ಕೆ ಆ ಹೆಸರು.

"ನಿದ್ದೇಲಿ ಹಲ್ಲು ಕಡೀತೀಯ ಕಣೇ," ಅಂದಳು ಬೆಳಿಗ್ಗೆ. "ಮನಸ್ಸಲ್ಲಿರೋದನ್ನ ನನ್ ಹತ್ರ ಹೇಳು, ಇಲ್ಲಾ ಎಲ್ಲಾದ್ರೂ ಬರ್ಕೋ. ಹಲ್ಲಿಗೆ ಮಾತ್ರ ಹೇಳ್ಬೇಡ, ನಂಗೆ ನಿದ್ದೆ ಬರಲ್ಲ."

ಇವತ್ತು ಗುಬ್ಬಿಯ ಫೋನ್ ಬಂತು. ಗುಬ್ಬಿ ನನ್ನ ತಂಗಿ. ಆರನೇ ಕ್ಲಾಸು. ನಾನು ಓದಿದ ಶಾಲೆ, ನಾನಿದ್ದ ಹಾಸ್ಟೆಲು. ಅಲ್ಲಿ ಭಾನುವಾರ ಮಾತ್ರ ಫೋನು, ಒಬ್ಬರಿಗೆ ಒಂದು. ಗುಬ್ಬಿ ಒಂದು ವಾರ ಅಪ್ಪನಿಗೆ ಮಾಡುತ್ತಾಳೆ, ಒಂದು ವಾರ ನನಗೆ. ಹುಡುಗಿಯರು ಕಾರಿಡಾರಿನಲ್ಲಿ ಸಾಲು ನಿಲ್ಲಬೇಕು. ಫೋನು ಮೇಜಿನ ಮೇಲೆ, ವಾರ್ಡನ್ ಮಿಸ್ ಮೇಜಿನ ಹಿಂದೆ. ಮಾತು ಇಂಗ್ಲಿಷಿನಲ್ಲೇ. ಬಾಯಿ ತಪ್ಪಿ ಕನ್ನಡ ಬಂದರೆ ಮರದ ಸ್ಕೇಲು ಮೇಜಿಗೆ ಟಕ್ ಅನ್ನುತ್ತದೆ. ಆಗಲೂ ನಿಲ್ಲಿಸದಿದ್ದರೆ ಮುಂದಿನ ವಾರ ಫೋನಿಲ್ಲ. ಹೊಸ ಮಕ್ಕಳಿಗೆ ಏನು ಮಾತಾಡಬೇಕೆಂದು ತೋಚುವುದಿಲ್ಲವಲ್ಲ, ಅದಕ್ಕೆ ಸೇರಿದ ವಾರವೇ ಒಂದು ವಾಕ್ಯ ಬಾಯಿಪಾಠ ಮಾಡಿಸಿರುತ್ತಾರೆ.

"ಐ ಆಮ್ ಇನ್ ಗುಡ್ ಹೆಲ್ತ್ ಅಂಡ್ ಇನ್ ಹೈ ಸ್ಪಿರಿಟ್ಸ್, ಅಕ್ಕ," ಅಂದಳು ಗುಬ್ಬಿ.

ಆರೋಗ್ಯವಾಗಿದ್ದೇನೆ, ಉತ್ಸಾಹದಲ್ಲಿದ್ದೇನೆ. ನಾನೂ ಅದನ್ನೇ ಹೇಳುತ್ತಿದ್ದೆ. ಮಂಗನಬಾವು ಬಂದು ಕೆನ್ನೆ ಊದಿ ಬಾಯಿ ತೆರೆಯಲಾಗದ ವಾರವೂ ಹಲ್ಲಿನ ಸಂದಿಯಿಂದ ಹೇಳಿದ್ದೆ. ಹಾಗಾಗಿ ಗುಬ್ಬಿ ಹೇಗಿದ್ದಾಳೆಂದು ನನಗೆ ಗೊತ್ತಾಗಲಿಲ್ಲ.

ಗೊತ್ತಾಗಲೇಬೇಕು. ಅಪ್ಪ ನಿನ್ನೆ ಕೇಳಿದ್ದಾರೆ. "ಮನೆ ಹತ್ರಾನೇ ಒಂದು ಸ್ಕೂಲು ಶುರುವಾಗಿದೆ. ಚಿಕ್ಕವಳನ್ನಾದ್ರೂ ಮನೇಲಿಟ್ಕೊಳ್ಳೋಣ ಅಂತ ನಿಮ್ಮಮ್ಮನ್ದು ಒಂದೇ ಹಟ. ಹಾಸ್ಟೆಲಿನವರು ಮುಂದಿನ ತಿಂಗಳು ಐದನೇ ತಾರೀಖಿನೊಳಗೆ ಸೀಟು ಬೇಕೋ ಬೇಡ್ವೋ ಹೇಳಿ ಅಂತಿದಾರೆ. ಅಲ್ಲೇ ಓದಿ ಬೆಳೆದವಳು ನೀನು. ಹೂಂ ಅಂದ್ರೆ ಇರ್ಲಿ, ಊಹೂಂ ಅಂದ್ರೆ ಕರ್ಕೊಂಡ್ ಬರ್ತೀನಿ. ನಿನ್ ಮಾತೇ ಮಾತು."

ನನ್ನ ಮಾತೇ ಮಾತಂತೆ. ಬಸ್ಸಿನಲ್ಲಿ ಇಳಿಯುವ ಸ್ಟಾಪಿನ ಹೆಸರು ಹೇಳುವುದಕ್ಕೇ ಗಂಟಲು ಸರಿ ಮಾಡಿಕೊಂಡು ಮಾಡಿಕೊಂಡು ಎಷ್ಟೋ ಸಲ ಮುಂದಿನ ಸ್ಟಾಪಿನಲ್ಲಿ ಇಳಿದಿದ್ದೇನೆ. ಊಹೂಂ ಅಂದರೆ, "ಯಾಕೆ, ನಿಂಗೂ ಅಲ್ಲಿ ಹಾಗೇ ಇತ್ತಾ?" ಅಂತ ಕೇಳುತ್ತಾರೆ. ಆಗ?

ಆಗಸ್ಟ್ 6, ಮಂಗಳವಾರ

ಇಂಗ್ಲಿಷ್ ಮೇಡಂ ಸೆಮಿನಾರ್ ಹಂಚಿದರು. ಡಬ್ಬಿಯಿಂದ ಚೀಟಿ ಎತ್ತಬೇಕು. ಹಿಂದಿನ ಬೆಂಚಿನವನಿಗೆ 'ನನಗಿಷ್ಟವಾದ ಜಾಹೀರಾತು' ಬಂತು. ನನಗೆ ಬಂದದ್ದು ಇದು: ಇಂಗ್ಲಿಷಿನ ಪ್ರಿಪೊಸಿಷನಲ್ ಫ್ರೇಸುಗಳಲ್ಲಿ ಬಹುವಚನದ ನಾಮಪದದ ಜೊತೆ ವಿಶೇಷಣ ಹೇಗೆ ಕೂಡುತ್ತದೆ.

"ಇದು ಚೀಟಿನಾ, ಶಿಕ್ಷೆನಾ?" ಅಂದಳು ಪಕ್ಕದವಳು. ಎಲ್ಲರೂ ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ.

ಮೇಡಂ ಮಾತ್ರ ಲಡ್ಡು ಸಿಕ್ಕವರ ಹಾಗೆ ಬೀಗಿದರು. "ಇರೋದ್ರಲ್ಲೇ ಒಳ್ಳೇದು ನಿಂಗೆ ಬಂದಿದೆ. ಇನ್, ಆನ್, ಅಂಡರ್, ಫಾರ್, ಹೀಗೆ ಒಂದು ಪುಟ್ಟ ಪದ ಮುಂದೆ. ಆಮೇಲೆ ಗುಣ ಹೇಳೋ ಪದ. ಆಮೇಲೆ ಬಹುವಚನ. ಆನ್ ಗುಡ್ ಟರ್ಮ್ಸ್. ಇನ್ ಸೇಫ್ ಹ್ಯಾಂಡ್ಸ್. ಯಾವ ನಾಮಪದ ಯಾವ ವಿಶೇಷಣವನ್ನ ಜೊತೆಗೆ ಕರ್ಕೊಂಡು ಓಡಾಡುತ್ತೆ ನೋಡು. ಒಂದನ್ನ ಎಬ್ಬಿಸಿ ಇನ್ನೊಂದನ್ನ ಕೂರಿಸಿದ್ರೆ ಸುಮ್ನಿರುತ್ತಾ, ಜಗಳ ಆಡುತ್ತಾ ನೋಡು. ಇಪ್ಪತ್ತೇಳನೇ ತಾರೀಖು ಹತ್ತು ನಿಮಿಷ ಮಾತಾಡ್ಬೇಕು. ಓದೋ ಹಾಗಿಲ್ಲ."

ಹತ್ತು ನಿಮಿಷ. ನಲವತ್ತು ಜನರ ಮುಂದೆ. ಓದದೆ.

ಆಗಸ್ಟ್ 8, ಗುರುವಾರ

ಓದುವ ಕೋಣೆಯಲ್ಲಿ ಹಳೆಯ ಪತ್ರಿಕೆಗಳ ಕಪಾಟಿನ ಹಿಂದೆ ಒಂದು ಮೇಜಿದೆ. ಅಲ್ಲಿ ಕೂತರೆ ಬಾಗಿಲಿನಿಂದ ಕಾಣುವುದಿಲ್ಲ. ಅಲ್ಲೇ ಕೂತು ಹುಡುಕಿದೆ. ಹೈ ಸ್ಪಿರಿಟ್ಸ್ ಇದೆ, ಲೋ ಸ್ಪಿರಿಟ್ಸ್ ಇದೆ, ಗುಡ್ ಸ್ಪಿರಿಟ್ಸ್ ಇದೆ. ಟಾಲ್ ಸ್ಪಿರಿಟ್ಸ್ ಇಲ್ಲ. ಬಿಗ್ ಸ್ಪಿರಿಟ್ಸ್ ಇಲ್ಲ. 'ಏನೋ ಇದೀನಪ್ಪ' ಅನ್ನುವಂಥ ಸ್ಪಿರಿಟ್ಸ್ ಎಲ್ಲೂ ಸಿಗಲಿಲ್ಲ.

ಇನ್ನೊಂದು ವಿಷಯ. ಪಕ್ಕದ ಪದ ಬಹುವಚನವಾದರೂ ವಿಶೇಷಣಕ್ಕೆ ಅದರ ಬಿಸಿ ತಾಗುವುದೇ ಇಲ್ಲ. ಹ್ಯಾಂಡ್ ಹೋಗಿ ಹ್ಯಾಂಡ್ಸ್ ಆದರೂ ಸೇಫ್ ಸೇಫಾಗಿಯೇ ಇರುತ್ತದೆ. ನಮ್ಮಲ್ಲೂ ಹಾಗೇ. ಒಳ್ಳೆ ಹುಡುಗಿ, ಒಳ್ಳೆ ಹುಡುಗಿಯರು. ಪಕ್ಕದಲ್ಲಿ ಎಷ್ಟು ಜನ ಬಂದು ಸೇರಿದರೂ ಅದು ತಾನಿದ್ದ ಹಾಗೇ ಇರುತ್ತದೆ. ನನಗೆ ಅದು ಬರುವುದಿಲ್ಲ. ಇಬ್ಬರು ಬಂದು ಪಕ್ಕದಲ್ಲಿ ಕೂತರೆ ನನ್ನ ಅಕ್ಷರವೇ ಬದಲಾಗುತ್ತದೆ.

ಆದರೆ ಸ್ಪಿರಿಟ್ಸ್ ಯಾಕೆ ಬಹುವಚನ? ಒಬ್ಬಳಿಗೆ ಎಷ್ಟಿರುತ್ತವೆ? ಒಂದು ಮೇಲಿದ್ದು ಇನ್ನೊಂದು ಕೆಳಗಿದ್ದರೆ ಯಾವುದನ್ನು ಹೇಳಬೇಕು? ಡಾಕ್ಟ್ರನ್ನು ಕೇಳಿದೆ.

"ಮನುಷ್ಯಂಗೆ ಇನ್ನೂರಾ ಆರು ಮೂಳೆ," ಅಂದಳು. "ನನ್ ಪರೀಕ್ಷೆಗೆ ಬರೋದು ಅಷ್ಟೇ. ಮಿಕ್ಕಿದ್ದು ನಿಮ್ ಡಿಪಾರ್ಟ್‌ಮೆಂಟು."

ಮಧ್ಯಾಹ್ನ ಕ್ಯಾಂಟೀನಿಗೆ ಹೋಗಲಿಲ್ಲ. ಕ್ಲಾಸಿನವರೆಲ್ಲ ಅಲ್ಲೇ ಇರುತ್ತಾರೆ. ಬ್ಯಾಗಿನಲ್ಲಿ ಬಿಸ್ಕತ್ತಿತ್ತು.

ಆಗಸ್ಟ್ 11, ಭಾನುವಾರ

ಈ ವಾರ ಗುಬ್ಬಿಯ ಫೋನು ಅಪ್ಪನ ಸರದಿ. ಅದು ಮುಗಿದ ಕೂಡಲೇ ಅಪ್ಪ ನನಗೆ ಮಾಡಿದರು.

ಅಪ್ಪ ಅಮ್ಮ ಇಬ್ಬರೂ ಗಾಜಿನ ಅಂಗಡಿಯಲ್ಲೇ ಇರುತ್ತಾರೆ. ಭಾನುವಾರವೂ ಮಧ್ಯಾಹ್ನದವರೆಗೆ ಬಾಗಿಲು ತೆರೆದಿರುತ್ತದೆ. ಅಪ್ಪ ಕಿಟಕಿ ಗಾಜು, ಕನ್ನಡಿ ಕತ್ತರಿಸುತ್ತಾರೆ. ಅಮ್ಮ ಫೋಟೋಗೆ ಕಟ್ಟು ಹಾಕುತ್ತಾಳೆ. ಫೋನಿನಲ್ಲಿ ಮೊದಲು ಕೇಳಿಸುವುದು ಅಪ್ಪನ ದನಿಯಲ್ಲ, ಗಾಜಿನ ಮೇಲೆ ಕಟರ್ ಎಳೆಯುವ ಕಿರ್ರ್ ಸದ್ದು. ಆಮೇಲೆ ಮೇಜಿನ ಅಂಚಿಗಿಟ್ಟು ಒತ್ತಿದಾಗ ಟಪ್. ಆ ಟಪ್ ಸರಿಯಾಗಿ ಬಂದರೆ ಅಪ್ಪ ಖುಷಿಯಾಗಿರುತ್ತಾರೆ.

"ಗುಬ್ಬಿ ಎಷ್ಟ್ ಚೆನ್ನಾಗಿ ಮಾತಾಡಿದ್ಲು ಗೊತ್ತಾ! ಒಂದಕ್ಷರ ಅರ್ಥ ಆಗ್ಲಿಲ್ಲ," ಅಂದರು, ಅರ್ಥವಾಗದೇ ಇದ್ದದ್ದೇ ದೊಡ್ಡ ಲಾಭ ಅನ್ನುವ ಹಾಗೆ. "ನೀನೂ ಎರಡು ಮಾತು ಇಂಗ್ಲಿಷಲ್ಲಿ ಆಡಮ್ಮ. ಪಕ್ಕದ ಟೈಲರು ಬಂದಿದಾನೆ, ಬಡಗಿ ಮಾಮನೂ ಇದಾರೆ. ಸ್ಪೀಕರ್ ಹಾಕ್ತೀನಿ."

ಇದು ನಾನು ಶಾಲೆಯಲ್ಲಿದ್ದಾಗಿನಿಂದ ನಡೆದು ಬಂದಿರುವುದು. ನಾನು ಹಾಸ್ಟೆಲ್ ವಾಕ್ಯ ಹೇಳಿದೆ. ಕಾಲೇಜಿನ ಕಟ್ಟಡದ ಬಗ್ಗೆ ಎರಡು ವಾಕ್ಯ ಸೇರಿಸಿದೆ. ಟೈಲರ್ ಅಣ್ಣ ಚಪ್ಪಾಳೆ ತಟ್ಟಿದರು.

ಹಿಂದಿನಿಂದ ಅಮ್ಮ, "ಅದೆಲ್ಲ ಆಮೇಲೆ. ತಿಂದ್ಯಾ ಕೇಳಿ ಮೊದ್ಲು."

"ತಿಂದೆ ಅಮ್ಮ."

"ಏನ್ ತಿಂದೆ?"

"ಊಟ," ಅಂದೆ.

ಸೀಟಿನ ವಿಷಯ ಅಪ್ಪ ಮತ್ತೆ ಕೇಳಿದರು. ಯೋಚನೆ ಮಾಡಿ ಹೇಳುತ್ತೇನೆ ಅಂದೆ. "ಮಾಡಮ್ಮ, ಮಾಡು. ಓದಿದವಳು ನೀನು," ಅಂದರು.

ಆಗಸ್ಟ್ 13, ಮಂಗಳವಾರ

ಇವತ್ತು ಕ್ಲಾಸಿಗೆ ಹೋಗಲಿಲ್ಲ. ನಿನ್ನೆಯೂ. ಸೆಮಿನಾರಿಗೆ ಓದುವುದಿತ್ತು.

ಆಫೀಸಿನಲ್ಲಿ ರಜೆ ಅರ್ಜಿ ಕೊಡಬೇಕು. ಎಲ್ಲರೂ ಬರೆಯುವ ಹಾಗೆ 'ಫಾರ್ ಪರ್ಸನಲ್ ರೀಸನ್ಸ್' ಅಂತ ಬರೆದೆ. ಬರೆದ ಮೇಲೆ ನೋಡಿದರೆ ನನ್ನ ಸೆಮಿನಾರಿನದೇ ಪದಾರ್ಥ! ಫಾರ್, ಪರ್ಸನಲ್, ರೀಸನ್ಸ್. ಪುಟ್ಟ ಪದ, ವಿಶೇಷಣ, ಬಹುವಚನ. ಕ್ಲರ್ಕು ತಲೆ ಎತ್ತದೆ ಸೀಲು ಒತ್ತಿದರು.

ಕಾರಣ ಒಂದೇ ಅಂತ ಬರೆದಿದ್ದರೆ, ಏನದು ಅಂತ ಕೇಳುತ್ತಿದ್ದರು. ಬಹುವಚನ ಬರೆದರೆ ಯಾರೂ ಕೇಳುವುದಿಲ್ಲ. ಗುಂಪಿನಲ್ಲಿ ಒಂದನ್ನು ಹಿಡಿಯುವುದು ಕಷ್ಟ. ಅಂಡರ್ ಡಿಫಿಕಲ್ಟ್ ಸರ್ಕಮ್‌ಸ್ಟಾನ್ಸಸ್ ಅಂದರೂ ಅಷ್ಟೇ. ಯಾವ ಕಷ್ಟ ಅಂತ ಹೇಳಬೇಕಾಗಿಲ್ಲ. ಇದನ್ನು ಸೆಮಿನಾರಿನಲ್ಲಿ ಹೇಳಬಹುದು. ಮೇಡಂಗೆ ಇಷ್ಟವಾಗಬಹುದು. ಹೇಳುವುದು ಯಾರು ಅನ್ನುವುದೇ ಪ್ರಶ್ನೆ.

ಆಗಸ್ಟ್ 14, ಬುಧವಾರ

ಡಾಕ್ಟ್ರಿಗೆ ಭುಜದ ಪಾಠ ಶುರುವಾಗಿದೆ. ಅಭ್ಯಾಸಕ್ಕೆ ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದಳು.

"ಭುಜ ಇಳಿಸು."

"ಇಳಿಸಿದೀನಿ."

"ಇದು ಇಳಿಸಿರೋದಾ? ಕಿವಿಗೆ ತಾಗ್ತಿದೆ ಕಣೇ. ಯಾರಾದ್ರೂ ಹೊಡೀತಾರೆ ಅಂತ ಕಾಯ್ತಿದೀಯಾ?" ಹೆಬ್ಬೆರಳಿನಿಂದ ಒತ್ತಿದಳು. "ಅಯ್ಯೋ, ಪುಸ್ತಕದಲ್ಲಿ ಇಲ್ಲಿ ಮಾಂಸ ಇದೆ ಅಂತ ಬರ್ದಿದಾರೆ. ನಿಂಗೆ ಬರೀ ಹಲಗೆ. ಸಣ್ಣಗಾಗಿದೀಯ."

ಬಟ್ಟೆ ದೊಗಲೆ ಇದೆ, ಅದಕ್ಕೆ ಹಾಗೆ ಕಾಣುತ್ತದೆ ಅಂದೆ. ಸಂಜೆ ತನ್ನ ತಟ್ಟೆಯಲ್ಲಿದ್ದದ್ದರಲ್ಲಿ ಅರ್ಧ ನನ್ನ ಕಡೆ ತಳ್ಳಿದಳು. ಸೇರಲಿಲ್ಲ. ಗುಬ್ಬಿಯದೇ ಚಿಂತೆ. ಮಗು ಅಲ್ಲಿ ಒಂಟಿಯಾಗಿ ಏನು ಮಾಡುತ್ತಿದೆಯೋ. ತಿನ್ನುತ್ತಿದೆಯೋ ಇಲ್ಲವೋ.

ಆಗಸ್ಟ್ 18, ಭಾನುವಾರ

ಮೂರು ದಿನ ಯೋಚಿಸಿ ಒಂದು ಉಪಾಯ ಮಾಡಿಟ್ಟುಕೊಂಡಿದ್ದೆ. ಮಿಸ್ಸಿಗೆ ಕೇಳಿಸುವುದು ಗುಬ್ಬಿಯ ಮಾತು ಮಾತ್ರ. ನನ್ನ ಮಾತು ಕೇಳಿಸುವುದಿಲ್ಲ. ನಾನು ಕನ್ನಡದಲ್ಲೇ ಕೇಳಬಹುದಲ್ಲ!

"ಗುಬ್ಬಿ, ಸುಮ್ನೆ ಕೇಳಿಸ್ಕೋ. ಅಲ್ಲಿ ನಿಂಗೆ ಬೇಜಾರಾಗ್ತಿದ್ರೆ ಒಂದ್ಸಲ ಕೆಮ್ಮು. ಚೆನ್ನಾಗಿದ್ರೆ ಕೆಮ್ಮಬೇಡ."

ಅವಳು ಕೆಮ್ಮಿದಳು. ಮತ್ತೆ ಕೆಮ್ಮಿದಳು. ಆಮೇಲೆ ಕೆಮ್ಮಿದಳು, ಕೆಮ್ಮಿದಳು, ನಿಲ್ಲಿಸಲೇ ಇಲ್ಲ.

"ಸಾರಿ, ಅಕ್ಕ," ಅಂದಳು ಇಂಗ್ಲಿಷಿನ ರಾಗದಲ್ಲಿ. "ಐ ಆಮ್ ಇನ್ ಹೈ ಸ್ಪಿರಿಟ್ಸ್." ಮತ್ತೆ ಕೆಮ್ಮು. ಫೋನಿನ ಹೊತ್ತು ಮುಗಿದ ಗಂಟೆ ಹೊಡೆಯಿತು.

ಅಷ್ಟು ಬೇಜಾರಾ? ಅಷ್ಟೊಂದಾ?

ಗುಬ್ಬಿಯನ್ನು ಮನೆಗೆ ಕರೆದುಕೊಂಡು ಬನ್ನಿ ಅಂತ ಅಪ್ಪನಿಗೆ ಹೇಳಲೇಬೇಕು. 'ನಿಂಗೂ ಹಾಗೇ ಇತ್ತಾ' ಅಂತ ಕೇಳಿದರೆ 'ನಂಗೆ ಚೆನ್ನಾಗಿತ್ತು, ಅವಳಿಗೆ ಹೊಂದಲ್ಲ' ಅಂದುಬಿಡುತ್ತೇನೆ. ಅಪ್ಪ ಎಷ್ಟು ಹೆಮ್ಮೆಯಿಂದ ಕಳಿಸಿದ್ದರು. ಹಾಸ್ಟೆಲ್ ಗೇಟಿನಲ್ಲಿ ನನ್ನ ಟ್ರಂಕನ್ನು ಬೇರೆ ಯಾರಿಗೂ ಎತ್ತಲು ಬಿಡದೆ ತಲೆಯ ಮೇಲೆ ಹೊತ್ತು ನಡೆದಿದ್ದರು, ಒಳಗೆ ಕನ್ನಡಿ ಇದೆ ಅಂತ.

ಆಗಸ್ಟ್ 22, ಗುರುವಾರ

ಧೈರ್ಯ ಬರುವುದಕ್ಕೆ ಇಷ್ಟು ದಿನ ಹಿಡಿಯಿತು. ಬೆಳಿಗ್ಗೆ ಹನ್ನೊಂದಕ್ಕೆ, ಕ್ಲಾಸಿನ ಹೊತ್ತಿನಲ್ಲೇ, ಅಂಗಡಿಗೆ ಫೋನ್ ಮಾಡಿದೆ. ಹೇಳಬೇಕಾದ್ದನ್ನು ಕೈಮೇಲೆ ಬರೆದುಕೊಂಡಿದ್ದೆ.

"ಅಪ್ಪ, ಒಂದ್ ವಿಷಯ ಹೇಳ್ಬೇಕಿತ್ತು."

"ಹೇಳೋವಂತೆ ಇರು, ಸರಿಯಾದ್ ಹೊತ್ತಿಗೆ ಮಾಡಿದೀಯ. ಬಡಗಿ ಮಾಮ ತಮ್ಮ ಅಳಿಯನ್ನ ಕರ್ಕೊಂಡ್ ಬಂದಿದಾರೆ. ನನ್ ಮಾತು ನಂಬ್ತಿಲ್ಲ ಅವ್ನು. ಎರಡು ಮಾತು ಆಡು, ಸ್ಪೀಕರ್ ಹಾಕಿದೀನಿ."

"ಅಪ್ಪ, ಮೊದ್ಲು ನಾನು..."

"ಎರಡೇ ಎರಡು!"

ಎಲ್ಲರೂ ಸುಮ್ಮನಾದರು. ಕಟರಿನ ಸದ್ದೂ ನಿಂತಿತು. ನಾನು ಮಾತಾಡಿದೆ, ಅದೇ ರಾಗದಲ್ಲಿ, ಅದೇ ನಯದಲ್ಲಿ. ಹಾಸ್ಟೆಲಿನ ವಾಕ್ಯ ಮಾತ್ರ ಬಾಯಿಗೆ ಬರಲಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ದು ಹೀಗೆ: ನಾನು ಹತ್ತು ದಿನದಿಂದ ಕ್ಲಾಸಿಗೆ ಹೋಗಿಲ್ಲ. ಬಿಸ್ಕತ್ತು ತಿಂದು ಕಪಾಟಿನ ಹಿಂದೆ ಕೂರುತ್ತೇನೆ. ಇನ್ ಕ್ರೌಡೆಡ್ ರೂಮ್ಸ್ ಐ ಕಾಂಟ್ ಬ್ರೀದ್, ತುಂಬಿದ ಕೋಣೆಗಳಲ್ಲಿ ನನಗೆ ಉಸಿರಾಡಲಾಗುವುದಿಲ್ಲ. ಬೆಳಿಗ್ಗೆ ಏಳುವಾಗಲೇ ಭಯವಾಗುತ್ತದೆ. ಯಾವುದರ ಭಯ ಅಂತ ಗೊತ್ತಿಲ್ಲ. ಯಾರಿಗೆ ಹೇಳಬೇಕು ಅಂತಲೂ ಗೊತ್ತಿಲ್ಲ.

"ಅಬ್ಬಬ್ಬಾ, ಏನ್ ಸ್ಪೀಡು!" ಯಾರೋ ಅಂದರು. ಅಳಿಯ ಇರಬೇಕು.

"ನೀರು ಕುಡ್ದ ಹಾಗೆ ಮಾತಾಡ್ತಾಳೆ," ಅಂದರು ಬಡಗಿ ಮಾಮ.

"ಹೇಳ್ಲಿಲ್ವಾ ನಾನು? ಇನ್ನೊಂದ್ ಸ್ವಲ್ಪ ಆಡಮ್ಮ, ಇನ್ನೊಂದ್ ಸ್ವಲ್ಪ!" ಅಪ್ಪನ ದನಿಯಲ್ಲಿ ಅಂಥ ಖುಷಿ ನಾನು ಕೇಳಿಯೇ ಇರಲಿಲ್ಲ.

ಇನ್ನೊಂದು ಸ್ವಲ್ಪ ಆಡಿದೆ. ಐ ವಾಂಟ್ ಟು ಕಮ್ ಹೋಮ್ ಅಂದೆ. ಚಪ್ಪಾಳೆ ಬಿತ್ತು. ಆಮೇಲೆ ಸಿಗ್ನಲ್ ಸರಿಯಿಲ್ಲ ಅಂತ ಫೋನ್ ಇಟ್ಟುಬಿಟ್ಟೆ.

ತಮಾಷೆಗೆ ಹೇಳಿದ್ದು. ಯಾರಿಗೂ ಅರ್ಥವಾಗಲಿಲ್ಲವಲ್ಲ, ಹೇಳಿದ ಹಾಗೂ ಆಗಲಿಲ್ಲ. ಆದರೂ ಮೈಯೆಲ್ಲ ಹಗುರಾಗಿ, ಮಂಚದ ಮೇಲೆ ಕೂತವಳು ಸಂಜೆಯವರೆಗೆ ಏಳಲಿಲ್ಲ.

ಗುಬ್ಬಿಯ ವಿಷಯ ಹೇಳುವುದೇ ಮರೆತುಹೋಯಿತು. ಕೈಮೇಲೆ ಬರೆದದ್ದು ಹಾಗೇ ಇದೆ.

ಆಗಸ್ಟ್ 24, ಶನಿವಾರ

ನಿನ್ನೆಯಿಂದ ಅಪ್ಪನ ನಂಬರಿನಿಂದ ಒಂದೇ ಸಮ ಫೋನು. ಎತ್ತಲಿಲ್ಲ. ಮತ್ತೆ ಸ್ಪೀಕರ್ ಹಾಕುತ್ತಾರೆ.

ಡಾಕ್ಟ್ರು ಫೋನನ್ನು ನೋಡಿದಳು, ನನ್ನನ್ನು ನೋಡಿದಳು. "ಅದು ಬಡ್ಕೊಳ್ತಿರೋದು ಕೇಳಿಸ್ತಿಲ್ವಾ?"

"ಸೆಮಿನಾರ್ ಇದೆ," ಅಂದೆ.

ಆಗಸ್ಟ್ 27, ಮಂಗಳವಾರ

ಹೋಗಲಿಲ್ಲ.

ಆಗಸ್ಟ್ 29, ಗುರುವಾರ

ಹೋಗಲಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಮೊನ್ನೆ ಕ್ಲಾಸಿನ ಬಾಗಿಲವರೆಗೆ ಹೋಗಿದ್ದೆ. ಒಳಗೆ ಕುರ್ಚಿ ಎಳೆಯುವ ಸದ್ದು, ಮೇಡಂ ನನ್ನನ್ನು ಕರೆದದ್ದು ಎಲ್ಲ ಕೇಳಿಸಿತು. ಆಮೇಲೆ ನಾನು ಕೆಳಗಿನ ನಲ್ಲಿಯ ಹತ್ತಿರ ಇದ್ದೆ. ಮೆಟ್ಟಿಲು ಇಳಿದದ್ದು ನೆನಪಿಲ್ಲ.

ಇವತ್ತು ಮೇಡಂ ಓದುವ ಕೋಣೆಗೆ ಬಂದರು. ನೇರ ಕಪಾಟಿನ ಹಿಂದೆ. ಅಲ್ಲಿ ಯಾರಿಗೂ ಕಾಣುವುದಿಲ್ಲ ಅಂದುಕೊಂಡಿದ್ದೆ. ಎದುರಿನ ಕುರ್ಚಿಯಲ್ಲಿ ಕೂತು ನಾನು ಬರೆದಿಟ್ಟ ಹಾಳೆಗಳನ್ನು ಓದಿದರು. 'ಬಹುವಚನ ಬರೆದರೆ ಯಾರೂ ಕೇಳುವುದಿಲ್ಲ' ಎಂಬಲ್ಲಿ ನಿಲ್ಲಿಸಿ, ಕನ್ನಡಕ ತೆಗೆದು ಮತ್ತೆ ಓದಿದರು.

"ಇಷ್ಟು ಚೆನ್ನಾಗಿ ಕೆಲ್ಸ ಮಾಡಿದೀಯ. ಬರ್ಲಿಲ್ಲ ಯಾಕೆ?"

"ಪರ್ಸನಲ್ ರೀಸನ್ಸ್, ಮೇಡಂ."

"ಸರಿ. ಅದ್ರಲ್ಲಿ ಒಂದು ಹೇಳು."

ನಾನು ಹಾಳೆಗಳನ್ನು ಜೋಡಿಸಿ ಬ್ಯಾಗಿಗೆ ಹಾಕಿದೆ. ಅವರು ತುಂಬಾ ಹೊತ್ತು ಕೂತಿದ್ದರು, ಕೈಗಡಿಯಾರ ನೋಡಿಕೊಳ್ಳದೆ. ಏಳುವಾಗ, "ಸೆಮಿನಾರ್ ಯಾವಾಗ ಬೇಕಾದ್ರೂ ಕೊಡು. ನನ್ನೊಬ್ಬಳ ಮುಂದೆ ಬೇಕಾದ್ರೂ ಸರಿ. ಆದ್ರೆ ಹಾಜರಿ ಹೀಗೇ ಹೋದ್ರೆ ಪರೀಕ್ಷೆಗೆ ಕೂರಿಸಲ್ಲ ಇವ್ರು. ಮನೆಯವರಿಗೆ ತಿಳಿಸು. ನೀನು ತಿಳಿಸ್ದಿದ್ರೆ ಆಫೀಸಿನವರೇ ತಿಳಿಸ್ತಾರೆ, ಇಂಗ್ಲಿಷಲ್ಲಿ," ಅಂದರು.

ಇಂಗ್ಲಿಷಿನಲ್ಲಿ ಬಂದರೆ ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕುತ್ತಾರೆ.

ಐದನೇ ತಾರೀಖು ಹತ್ತಿರ ಬರುತ್ತಿದೆ. ಗುಬ್ಬಿಯ ವಿಷಯ ಇನ್ನೂ ಹೇಳಿಲ್ಲ.

ಸೆಪ್ಟೆಂಬರ್ 1, ಭಾನುವಾರ

ಗುಬ್ಬಿಯ ಫೋನು. ನಾನು ಹಲೋ ಅನ್ನುವಷ್ಟರಲ್ಲಿ, "ಅಪ್ಪನ ಫೋನ್ ಯಾಕೆ ಎತ್ಲಿಲ್ಲ ನೀನು?" ಅಂದಳು.

ಕನ್ನಡದಲ್ಲಿ. ಹಿಂದೆಯೇ ಸ್ಕೇಲು. ಟಕ್.

"ಗುಬ್ಬಿ, ಇಂಗ್ಲಿಷಲ್ಲಿ ಮಾತಾಡು. ಮಿಸ್ ಇದಾರೆ."

"ಇರ್ಲಿ. ಅವತ್ತು ಅಷ್ಟೊಂದ್ ಸಲ ಮಾಡಿದ್ದು ಅಪ್ಪ ಅಲ್ಲ, ನಾನು. ನಂಗೆ ನೆಗಡಿ ಆಗಿತ್ತಲ್ಲ, ಬೇರೆಯವರಿಗೆ ಅಂಟುತ್ತೆ ಅಂತ ಮಿಸ್ ನನ್ನ ನಾಲ್ಕು ದಿನ ಮನೆಗೆ ಕಳ್ಸಿದ್ರು. ಅಂಗಡೀಲೇ ಇದ್ದೆ, ಕನ್ನಡಿ ಒರಗಿಸ್ತಾರಲ್ಲ, ಅಲ್ಲಿ ಹಿಂದೆ ಮಲಗಿದ್ದೆ. ನೀನ್ ಹೇಳಿದ್ದೆಲ್ಲ ಕೇಳಿಸ್ತು."

ಟಕ್, ಟಕ್.

ಕುರ್ಚಿಯ ಹಿಡಿ ಎಲ್ಲಿದೆ ಎಂದು ನನ್ನ ಕೈ ಹುಡುಕಿತು. "ಅದು ತಮಾಷೆಗೆ ಹೇಳಿದ್ದು ಕಣೇ."

"ನಂಗೆ ಇಂಗ್ಲಿಷ್ ಬರುತ್ತೆ, ಅಕ್ಕ. ಅದಕ್ಕೇ ತಾನೆ ಇಲ್ಲಿ ಸೇರಿಸಿರೋದು?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

"ಅಪ್ಪಂಗೆ ಹೇಳೋಣ ಅಂದ್ಕೊಂಡೆ. ಆದ್ರೆ ಅವ್ರು ಬೀದಿಯೆಲ್ಲ ಹೇಳ್ಕೊಂಡ್ ಬಂದ್ರು, ನನ್ ಮಗಳು ಅಷ್ಟುದ್ದ ಇಂಗ್ಲಿಷ್ ಮಾತಾಡಿದ್ಲು ಅಂತ. ಟೈಲರ್ ಅಣ್ಣಂಗೆ ಎರಡ್ ಸಲ ಹೇಳಿದ್ರು. ಆಗ ನಂಗೆ ಬಾಯೇ ಬರ್ಲಿಲ್ಲ." ಮೂಗು ಎಳೆದುಕೊಂಡಳು. ಈ ಸಲ ಅದು ನೆಗಡಿಯಲ್ಲ.

"ನೀನ್ ಹೇಗಿದೀಯಾ ಗುಬ್ಬಿ? ನಿಜ ಹೇಳು."

"ಅಯ್ಯೋ, ಎಷ್ಟ್ ಸಲ ಹೇಳೋದು! ಚೆನ್ನಾಗಿದೀನಿ ಅಂದ್ರೆ ಚೆನ್ನಾಗಿದೀನಿ. ಗೋಲ್ ಕೀಪರ್ ಮಾಡಿದಾರೆ ನನ್ನ. ಪಕ್ಕದ ಮಂಚದವಳು ಗೊರಕೆ ಹೊಡೀತಾಳೆ, ಮೂಗು ಹಿಡಿದ್ರೆ ನಿಲ್ಲುತ್ತೆ. ಕೆಮ್ಮು ಅಂದೆ ನೀನು, ಕೆಮ್ಮು ಬಂತು, ನಾನೇನ್ ಮಾಡ್ಲಿ? ನಂಗೆ ಇಲ್ಲೇ ಇರ್ಬೇಕು. ಸೀಟು ತೆಗೆಸ್ಬಿಟ್ರೆ ನಿನ್ ಜೊತೆ ಮಾತಾಡಲ್ಲ."

ಟಕ್, ಟಕ್, ಟಕ್. ವಾರ್ಡನ್ ಮಿಸ್ ಅವಳ ಹೆಸರು ಹಿಡಿದು ಕರೆದದ್ದು ಕೇಳಿಸಿತು. ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಗುಬ್ಬಿ ದನಿ ಏರಿಸಿದಳು.

"ನಿಂಗೆ ಇಲ್ಲಿ ಚೆನ್ನಾಗಿರ್ಲಿಲ್ವಾ ಅಕ್ಕ?"

ಯಾರೂ ಇದನ್ನು ಕೇಳಿರಲಿಲ್ಲ. ಅಪ್ಪ ಕೇಳಬಹುದು ಅಂತ ಹೆದರಿಕೊಂಡೇ ಇಷ್ಟು ದಿನ ಕಳೆದೆ. ಕೇಳಿದ್ದು ಇವಳು.

"ಇರ್ಲಿಲ್ಲ," ಅಂದೆ.

"ಈಗಲೂ ಇಲ್ವಾ?"

"ಇಲ್ಲ."

ಗಂಟೆ ಹೊಡೆಯಿತು. ಗುಬ್ಬಿ ಅವಸರ ಅವಸರವಾಗಿ, "ಮುಂದಿನ್ ವಾರ ನಂಗೆ ಫೋನಿಲ್ಲ ಈಗ, ಗೊತ್ತಲ್ಲ? ನಾನು ಅಪ್ಪಂಗೆ ಹೇಳೋ ಹಾಗಿಲ್ಲ. ನೀನೇ ಹೇಳು. ಫೋನಲ್ಲಿ ಬೇಡ, ಸ್ಪೀಕರ್ ಹಾಕ್ಬಿಡ್ತಾರೆ. ಬರ್ದು ಕಳ್ಸು. ಕನ್ನಡದಲ್ಲಿ ಬರಿ," ಅಂದಳು. ಫೋನು ಕಟ್ಟಾಯಿತು.

ನಾನು ಎಷ್ಟೋ ಹೊತ್ತು ಫೋನು ಕಿವಿಗಿಟ್ಟುಕೊಂಡೇ ಇದ್ದೆ. ಡಾಕ್ಟ್ರು ಬಂದಳು. ಪಕ್ಕದಲ್ಲಿ ಕೂತು ಎರಡು ಭುಜದ ಮೇಲೂ ಕೈಯಿಟ್ಟಳು. ಒತ್ತಲಿಲ್ಲ, ಸುಮ್ಮನೆ ಇಟ್ಟಿದ್ದಳು. ಅವಳಿಗೆ ಎಲ್ಲ ಹೇಳಿದೆ. ಮಾತಿನ ನಡುವೆ ಅವಳು ತಂದುಕೊಟ್ಟ ಬ್ರೆಡ್ಡು ಮೊಟ್ಟೆ ಪೂರ್ತಿ ಖಾಲಿಯಾಗಿತ್ತು. ತಟ್ಟೆ ನೋಡಿದಾಗಲೇ ತಿಳಿದದ್ದು.

ಸೆಪ್ಟೆಂಬರ್ 2, ಸೋಮವಾರ

ಬೆಳಿಗ್ಗೆಯಿಂದ ಬರೆಯುತ್ತಿದ್ದೇನೆ. ಮೊದಲ ಸಲ 'ನಾನು ಆರೋಗ್ಯವಾಗಿದ್ದೇನೆ' ಅಂತ ಶುರುವಾಯಿತು. ಅಳಿಸಿದೆ. ಎರಡನೇ ಸಲ 'ಕೆಲವು ಕಾರಣಗಳಿಂದ' ಅಂತ ಬಂತು. ಅದನ್ನೂ ಅಳಿಸಿದೆ. ಮೂರನೆಯದನ್ನು ಡಾಕ್ಟ್ರು ಓದಿ, "ಇದ್ರಲ್ಲಿ ನಿಂಗೆ ಏನಾಗಿದೆ ಅನ್ನೋದು ಬಿಟ್ಟು ಎಲ್ಲಾ ಇದೆ," ಅಂದಳು.

ಇದು ನಾಲ್ಕನೆಯದು. ಹತ್ತು ನಿಮಿಷದ ಹಿಂದೆ ಅಪ್ಪನ ಫೋನಿಗೆ ಹೋಗಿದೆ. ಇಲ್ಲಿ ನಕಲು ಮಾಡಿಟ್ಟುಕೊಳ್ಳುತ್ತಿದ್ದೇನೆ. ಏನು ಕಳಿಸಿದೆ ಅಂತ ಆಮೇಲೆ ನಾನೇ ಬೇರೆ ಏನಾದರೂ ಅಂದುಕೊಳ್ಳಬಾರದಲ್ಲ.

ಅಪ್ಪ, ಗುಬ್ಬಿಯ ಸೀಟು ಬೇಕು ಅಂತ ಹಾಸ್ಟೆಲಿನವರಿಗೆ ಹೇಳಿಬಿಡಿ. ಅವಳಿಗೆ ಅಲ್ಲಿ ಖುಷಿಯಾಗಿದೆ. ಅವಳನ್ನೇ ಕೇಳಿ ಹೇಳುತ್ತಿದ್ದೇನೆ. ಅಮ್ಮನಿಗೆ ಬೇಜಾರಾಗಬಹುದು, ಸಮಾಧಾನ ಮಾಡಿ.

ನಾನು ಚೆನ್ನಾಗಿಲ್ಲ. ಅವತ್ತು ಅಂಗಡಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದಾಗ ನಾನು ಹೇಳಿದ್ದು ಅದನ್ನೇ. ನಿಮಗೆ ಅರ್ಥವಾಗುವುದಿಲ್ಲ ಅಂತ ಗೊತ್ತಿದ್ದೇ ಹೇಳಿದೆ. ಬೇಜಾರು ಮಾಡಿಕೊಳ್ಳಬೇಡಿ. ಬಹಳ ದಿನದಿಂದ ಕ್ಲಾಸಿಗೆ ಹೋಗುತ್ತಿಲ್ಲ. ಊಟ ಸೇರುವುದಿಲ್ಲ. ಜನರ ಮಧ್ಯೆ ಹೋದರೆ ಕೈ ನಡುಗುತ್ತದೆ, ಉಸಿರು ಸಿಗುವುದಿಲ್ಲ. ಶಾಲೆಯಲ್ಲಿದ್ದಾಗಲೂ ಹೀಗೆ ಆಗುತ್ತಿತ್ತು. ಆಗ ಹೇಳಲು ಬರಲಿಲ್ಲ. ಓದು ಬಿಡುತ್ತೇನೆ ಅಂತ ಹೇಳುತ್ತಿಲ್ಲ. ಇಲ್ಲಿ ಒಬ್ಬ ಮೇಡಂ ಇದ್ದಾರೆ, ನನ್ನ ಜೊತೆ ರೂಮಿನವಳು ಇದ್ದಾಳೆ, ಇಬ್ಬರೂ ಒಳ್ಳೆಯವರು. ಡಾಕ್ಟರನ್ನು ನೋಡಬೇಕು ಅನ್ನಿಸುತ್ತದೆ, ಒಬ್ಬಳೇ ಹೋಗಲು ಭಯ.

ಒಂದು ದಿನ ಅಂಗಡಿ ಮುಚ್ಚಿ ನೀವೂ ಅಮ್ಮನೂ ಬನ್ನಿ. ಯಾವತ್ತು ಬರುತ್ತೀರಿ ಅಂತ ಬೇಗ ಉತ್ತರ ಕೊಡಿ.